ಜರಡಿಯಕ್ಕ ತೊಳೆದ ಕೆಂಪು

ಮ್ಯೂಸಿಯಂ ಕೆಲಸಕ್ಕೆ ಸೇರಿದ ಮೊದಲ ದಿನ, ಹಿಂಭಾಗದ ಕೋಣೆಯ ಕಿಟಕಿಯ ಬಳಿ ಒಬ್ಬ ಹೆಂಗಸು ತಮ್ಮ ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದು ಬ್ರಶ್ಶಿನಿಂದ ಉಜ್ಜುತ್ತ ಕೂತಿದ್ದರು. ಬಾಯಿ ಬರಿದಾಗಿರುವವರ ಮುಖ ನೋಡಬಾರದು ಎಂಬಷ್ಟು ಸಂಸ್ಕಾರ ನನಗಿದೆ. ಗೋಡೆಯ ಕಡೆ ತಿರುಗಿಕೊಂಡೆ. ಹಲ್ಲು ಸೇರಿಸಿಕೊಂಡು ಅವರೇ ಮಾತಾಡಿಸಲಿ ಎಂದು, ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಸೂಚನೆಯನ್ನು ಎರಡು ಸಲ ಓದಿದೆ. ಬೆಂಕಿಯೂ ಬೀಳಲಿಲ್ಲ, ಉಜ್ಜುವ ಸದ್ದೂ ನಿಲ್ಲಲಿಲ್ಲ. ಕೊನೆಗೆ ಗೋಡೆಗೆ ಹೇಳುವವನ ಹಾಗೆ, "ಅಜ್ಜಿ, ಅದು ತುಂಬ ಹಳೇದಾಗಿದೆ ಅನ್ಸುತ್ತೆ. ಹೊಸದು ಮಾಡಿಸಬಹುದಲ್ಲ," ಎಂದೆ.

ಸದ್ದು ನಿಂತಿತು.

"ಮಾಡಿಸಬಹುದಪ್ಪ. ಆದ್ರೆ ಅಳತೆ ಕೊಡೋಕೆ ಇವನು ಬರಬೇಕಲ್ಲ. ಸತ್ತು ಏಳು ಸಾವಿರ ವರ್ಷ ಆಯ್ತು."

ತಿರುಗಿ ನೋಡಿದೆ. ಅವರ ಕೈಯಲ್ಲಿದ್ದದ್ದು ಯಾರದೋ ದವಡೆಯ ಮೂಳೆ. ಅವರ ಹಲ್ಲುಗಳೆಲ್ಲ ಅವರ ಬಾಯಲ್ಲೇ ಇದ್ದವು, ಗಟ್ಟಿಯಾಗಿಯೇ ಇದ್ದವು. ಇನ್ನೊಂದು ಸಲ ಅಜ್ಜಿ ಅಂದರೆ ನನ್ನ ಹಲ್ಲನ್ನೂ ಇದೇ ಟ್ರೇಯಲ್ಲಿ ಸಾಲಾಗಿ ಇಡುವುದಾಗಿ ಹೇಳಿ ಮತ್ತೆ ಉಜ್ಜತೊಡಗಿದರು. ನೀರು ಮುಟ್ಟಿಸದೆ, ಒಣ ಬ್ರಶ್ಶಿನಲ್ಲಿ, ಮಗುವಿನ ಕೆನ್ನೆ ಒರೆಸುವಷ್ಟು ಮೆತ್ತಗೆ. ನಾಲಿಗೆಗೂ ಕೈಗೂ ಇಷ್ಟು ಅಂತರವಿರುವ ಮನುಷ್ಯರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಜರಡಿಯಕ್ಕ ಎಂದು. ನನಗೆ ಅವರು ಆ ದಿನವೇ ಬೋರ್ಡಪ್ಪ ಎಂದು ಹೆಸರಿಟ್ಟರು. ಹೆಸರು ಸರಿಯಾಗಿಯೇ ಇತ್ತು. ಹೊಸದಾಗಿ ತೆರೆಯಲಿದ್ದ ಆದಿಮಾನವರ ಪ್ರದರ್ಶನದ ಹಾಲಿಗೆ ನಲವತ್ತೆರಡು ಬೋರ್ಡುಗಳನ್ನು ಬರೆಯುವುದು ನನ್ನ ಕೆಲಸ. ಒಂದೊಂದು ಬೋರ್ಡಿಗೆ ಅರವತ್ತು ಪದ ಮೀರಬಾರದು. ಒಂದು ವರ್ಷದ ಕರಾರು. ಅದಕ್ಕೂ ಮುಂಚೆ ಎರಡು ವರ್ಷ ಮಿಕ್ಸಿಯ ಪೆಟ್ಟಿಗೆಯೊಳಗೆ ಬರುವ, ಯಾರೂ ಬಿಚ್ಚಿ ನೋಡದ ಪುಸ್ತಿಕೆಗಳನ್ನು ಬರೆದಿದ್ದೆ. ಹಾಗಾಗಿ ಏಳು ಸಾವಿರ ವರ್ಷಗಳ ಮನುಷ್ಯಕುಲವನ್ನು ವಿವರಿಸುವುದಕ್ಕೆ ನನ್ನಷ್ಟು ಯೋಗ್ಯ ಇನ್ನೊಬ್ಬನಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಜರಡಿಯಕ್ಕನ ಅಪ್ಪ ಬಾವಿ ತೋಡುವವನು. ಮಣ್ಣನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿ, ನೀರು ಎಷ್ಟು ಆಳದಲ್ಲಿದೆ ಎಂದು ಹೇಳುತ್ತಿದ್ದನಂತೆ. ಹತ್ತರಲ್ಲಿ ಏಳು ಸಲ ಸರಿ ಇರುತ್ತಿತ್ತು, ಉಳಿದ ಮೂರು ಸಲ ಊರು ಬಿಡುತ್ತಿದ್ದ. ಮಗಳಿಗೆ ಹತ್ತೊಂಬತ್ತು ತುಂಬಿದಾಗ ಬೆಟ್ಟದ ಬುಡದಲ್ಲಿ ಯಾರೋ ಮೇಷ್ಟ್ರು ಮಣ್ಣು ಅಗೆಸುತ್ತಿದ್ದಾರೆ, ದಿನಗೂಲಿ ಕೊಡುತ್ತಾರೆ ಎಂದು ಗೊತ್ತಾಗಿ ಬುಟ್ಟಿ ಹೊರಲು ಹೋದರು. ಅಲ್ಲೊಂದು ಕಲ್ಲಾಸರೆ ಇತ್ತು. ಅಂದರೆ ಬಂಡೆಯೊಂದು ಸೂರಿನ ಹಾಗೆ ಚಾಚಿಕೊಂಡು, ಕೆಳಗೆ ಹತ್ತು ಹನ್ನೆರಡು ಜನ ಮಳೆಗಾಳಿಗೆ ಮರೆಯಾಗಿ ಮಲಗಬಹುದಾದ ಜಾಗ. ಬೇಟೆಯಾಡಿ, ಗೆಡ್ಡೆ ಕಿತ್ತು ಬದುಕುತ್ತಿದ್ದ ಜನ ಅಲ್ಲಿ ಬಂದು ಹೋಗಿ ಮಾಡಿದ್ದರು. ನೆಲವನ್ನು ದಾರ ಕಟ್ಟಿ ಚೌಕಗಳಾಗಿ ಭಾಗ ಮಾಡಿ, ಒಂದೊಂದು ಚೌಕದ ಮಣ್ಣನ್ನೂ ಪದರ ಪದರವಾಗಿ ತೆಗೆದು, ಬುಟ್ಟಿ ಬುಟ್ಟಿಯಾಗಿ ಜರಡಿ ಹಿಡಿಯುತ್ತಿದ್ದರು. ಬೇರೆಯವರು ಕಸ ಎಂದು ಎಸೆದದ್ದರಲ್ಲಿ ಈ ಹುಡುಗಿ ಸಾಸಿವೆಯಷ್ಟು ದೊಡ್ಡ ಮೀನಿನ ಬೆನ್ನುಮೂಳೆಗಳನ್ನು ಹೆಕ್ಕಿ ತೋರಿಸಿದ ಮೇಲೆ ಬುಟ್ಟಿ ಬಿಡಿಸಿ ಜರಡಿಗೆ ಕೂರಿಸಿದರು. ಮೂರು ಸುಗ್ಗಿ ಅಗೆದಾದ ಮೇಲೆ ಸಿಕ್ಕ ಸಾಮಾನುಗಳೆಲ್ಲ ಪೆಟ್ಟಿಗೆಗಳಲ್ಲಿ ಮ್ಯೂಸಿಯಂ ಸೇರಿದವು. ಪೆಟ್ಟಿಗೆಗಳ ಜೊತೆ ಅವರೂ ಬಂದರು. ಇಪ್ಪತ್ತೆರಡು ವರ್ಷ ದಿನಗೂಲಿ, ಆಮೇಲೆ ಕಾಯಂ. ಗಂಡನದು ಸೈಕಲ್ ರಿಪೇರಿ ಅಂಗಡಿ. ಮಗಳು ನರ್ಸು.

ಅವರಿಗೆ ಕೋಪ ಬರುತ್ತಿತ್ತು ಎಂದರೆ ತಪ್ಪಾಗುತ್ತದೆ. ಬಂದ ಕೋಪ ಹೋಗುತ್ತಿರಲಿಲ್ಲ. ಒಮ್ಮೆ ಶಾಲೆಯ ಮಾಸ್ತರರೊಬ್ಬರು ಮಕ್ಕಳಿಗೆ, ಈ ಜನ ಅರ್ಧ ಮಂಗ, ಅರ್ಧ ಮನುಷ್ಯ, ಗುಡುಗು ಬಂದರೆ ಹೆದರಿ ನೆಲಕ್ಕೆ ಬೀಳುತ್ತಿದ್ದರು, ಹಾಗೆಯೇ ದೇವರು ಹುಟ್ಟಿದ್ದು ಎಂದು ಪಾಠ ಮಾಡುತ್ತಿದ್ದರು. ಜರಡಿಯಕ್ಕ ಗಾಜು ಒರೆಸುವುದನ್ನು ನಿಲ್ಲಿಸಿ, ಆ ಮಂಗ ಕೆತ್ತಿದ ಬಾಣದ ಮೊನೆ ಇಲ್ಲಿದೆ, ನಿಮ್ಮ ಕೈಲಿ ಅಂಥದ್ದೊಂದು ಮಾಡಿಸಿ ನೋಡೋಣ, ಬೇಕಾದರೆ ಗುಡುಗು ಬರುವವರೆಗೆ ಕಾಯುತ್ತೇನೆ ಎಂದರು. ಮಾಸ್ತರರು ದೂರು ಬರೆದರು. ಮೆಮೊ ಬಂತು. ಮೆಮೊ ಅವರು ಓದಿ, ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಅಡಿಗೆ ಕೊಟ್ಟರು. ಓದು ಬರಹ ಅವರು ಕಲಿತದ್ದೇ ಪೆಟ್ಟಿಗೆಗಳ ಮೇಲಿನ ಚೀಟಿಗಳಿಂದ.

ಹೊಸ ಹಾಲಿನ ನಟ್ಟನಡುವೆ ಇಡುವುದಕ್ಕೆ ನಿಶ್ಚಯವಾಗಿದ್ದು ಹದಿನೇಳನೇ ಪೆಟ್ಟಿಗೆ. ಅದರಲ್ಲಿ ಒಂದು ಮಗು ಇತ್ತು. ಆರು ವರ್ಷದ್ದಿರಬೇಕು. ಕಲ್ಲಾಸರೆಯ ನೆಲದಡಿಯಲ್ಲಿ ಎಡಮಗ್ಗುಲಾಗಿ, ಮಂಡಿ ಮಡಿಸಿ, ನಿದ್ದೆ ಹೋದ ಹಾಗೆ ಮಲಗಿಸಿದ್ದರು. ಕೆನ್ನೆಯಡಿ ಒಂದು ಚಪ್ಪಟೆ ಕಲ್ಲು. ಅಗೆಸಿದ ದೊಡ್ಡ ಮೇಷ್ಟ್ರು ಈ ಬಗ್ಗೆ ದಪ್ಪ ಪುಸ್ತಕವನ್ನೇ ಬರೆದಿದ್ದರು. ಹಾಲಿಗೆ ಅವರದೇ ಹೆಸರು, ಉದ್ಘಾಟನೆಗೆ ಅವರೇ ಮುಖ್ಯ ಅತಿಥಿ. ಪುಸ್ತಕದ ಪ್ರಕಾರ ಅದು ತೀರಾ ಸರಳ ಜನ, ಸತ್ತವರನ್ನು ಇದ್ದಲ್ಲೇ ಗುಂಡಿ ತೋಡಿ ಹಾಕುತ್ತಿದ್ದರು, ವಿಧಿ ಆಚರಣೆಯ ಯಾವ ಕುರುಹೂ ಇಲ್ಲ. ನಾನು ಅದನ್ನು ಓದಿ, ನನ್ನ ಕಡೆಯಿಂದ ಸ್ವಲ್ಪ ಒಗ್ಗರಣೆ ಹಾಕಿ, ಒಂದನೇ ನಂಬರಿನ ಬೋರ್ಡು ಬರೆದೆ: "ಈ ಬೇಟೆಗಾರರಿಗೆ ಸಾವಿನ ಅರ್ಥ ತಿಳಿದಿರಲಿಲ್ಲ. ಕಥೆಯಾಗಲಿ, ಆಚರಣೆಯಾಗಲಿ ಅವರ ಬಳಿ ಇರಲಿಲ್ಲ. ಹಸಿವು ಮತ್ತು ಭಯ, ಇವೆರಡೇ ಅವರ ದೇವರುಗಳು."

ಕೊನೆಯ ಸಾಲು ನನಗೆ ಎಷ್ಟು ಹಿಡಿಸಿತೆಂದರೆ ಅದನ್ನು ಫೋನಿನಲ್ಲಿ ನನ್ನ ಅಕ್ಕನಿಗೆ ಕಳಿಸಿದೆ. ಅವಳು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದಳು. ಕರೆಂಟ್ ಬಿಲ್ ಕಟ್ಟಿದೆ ಅಂದರೂ ಅವಳು ಅದನ್ನೇ ಕಳಿಸುವುದು.

ಜರಡಿಯಕ್ಕ ಕರಡು ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದಕ್ಷರಕ್ಕೂ ಬೆರಳಿಟ್ಟು ಓದಿದರು. ಓದಿ ಮುಗಿಸಿ ಕಾಗದವನ್ನು ಟ್ರೇಯ ಮೇಲಿಡದೆ ನನ್ನ ಕೈಗೇ ವಾಪಸ್ಸು ಕೊಟ್ಟರು. ಮೂಳೆಗಳ ಪಕ್ಕ ಇಡುವಂಥದ್ದಲ್ಲ ಎಂಬ ಹಾಗೆ.

"ನೀನು ಅವರನ್ನ ಕೇಳಿದ್ಯಾ?"

ಯಾರನ್ನು ಎಂದೆ.

"ಇವರಿಗೆ ಗೊತ್ತಿರಲಿಲ್ಲ, ಇವರ ಹತ್ರ ಇರಲಿಲ್ಲ ಅಂತ ಬರ್ದಿದ್ದೀಯಲ್ಲ, ಅವರನ್ನ. ನಮಗೆ ಗೊತ್ತಿಲ್ಲ ಅಂತ ಬರಿ. ಅದು ನಿಜ. ಅದನ್ನ ಬರೆಯೋಕೆ ನಿಂಗೆ ನಾಚಿಕೆ, ಅದಕ್ಕೆ ನಿನ್ನ ದಡ್ಡತನ ತಗೊಂಡು ಹೋಗಿ ಸತ್ತ ಮಗೂನ ತಾಯಿ ಮೇಲೆ ಹಾಕ್ತಿದ್ದೀಯ."

ನಾನು ಪುಸ್ತಕದ ಪುಟ ಸಂಖ್ಯೆ ಹೇಳಿದೆ. ಪುಟ ಸಂಖ್ಯೆ ಹೇಳುವುದು ನನ್ನಂಥವರ ಗುರಾಣಿ. ಅವರು ನನ್ನ ತೋಳು ಹಿಡಿದು ಕಿಟಕಿಯ ಬಳಿ ಎಳೆದುಕೊಂಡು ಹೋಗಿ, ಹತ್ತಿಯ ಮೇಲಿಟ್ಟಿದ್ದ ಆ ಪುಟ್ಟ ತಲೆಬುರುಡೆಯನ್ನು ಎರಡೂ ಕೈಯಿಂದ ಓರೆ ಮಾಡಿ, ಕಿವಿಯ ತೂತು ನೋಡು ಎಂದರು. ಭೂತಗನ್ನಡಿ ಕೊಟ್ಟರು. ಬುರುಡೆಯೆಲ್ಲ ಸುಣ್ಣದಷ್ಟು ಬಿಳಿ. ಆದರೆ ಕಿವಿಯ ತೂತಿನ ಒಳಗೆ, ಆಳದಲ್ಲಿ, ನುಣ್ಣಗೆ ಅರೆದ ಕೆಂಪು ಪುಡಿ ಗಟ್ಟಿಯಾಗಿ ಕೂತಿತ್ತು. ಬ್ರಶ್ಶು ಅಲ್ಲಿಯವರೆಗೆ ಹೋಗುವುದಿಲ್ಲ. ಹೊಸ ಹಾಲಿಗೆಂದು ನಲವತ್ತೊಂದು ವರ್ಷದ ಮೇಲೆ ಪೆಟ್ಟಿಗೆ ಬಿಚ್ಚಿದಾಗ, ಅವರಿಗೆ ಇದು ಕಂಡಿತ್ತು.

ಆಮೇಲೆ ಆ ಕಥೆ ಹೇಳಿದರು. ಹೇಳಿದರು ಎನ್ನುವುದಕ್ಕಿಂತ ನನ್ನ ಮೇಲೆ ಎಸೆದರು ಎನ್ನಬೇಕು.

ಆ ಮಗು ಸಿಕ್ಕ ದಿನ ಮೊದಲ ಸುಗ್ಗಿಯ ಅಗೆತಕ್ಕೆ ಉಳಿದಿದ್ದದ್ದು ಮೂರೇ ದಿನ. ಮೂರು ತಿಂಗಳಿಂದ ಜರಡಿಯಲ್ಲಿ ಬರುತ್ತಿದ್ದ ಮಣ್ಣು ಬೂದಿ ಬಣ್ಣದ್ದು, ಅದರ ಕೆಳಗಿನದು ಹಳದಿ. ಕೂಲಿಯವರ ಅಂಗೈ, ಉಗುರು, ಮೂಗಿನ ಹೊಳ್ಳೆ ಎಲ್ಲ ಆ ಎರಡೇ ಬಣ್ಣ. ಆ ದಿನ ಮಾತ್ರ ಮಗುವಿನ ತಲೆಯಿಂದ ಸೊಂಟದವರೆಗಿನ ಮಣ್ಣು ಕೆಂಪಗಿತ್ತು. ಚೆಲ್ಲಿದ್ದಲ್ಲ, ಸವರಿದ್ದು. ಜರಡಿಯಕ್ಕನ ಅಂಗೈ ಕೆಂಪಾಗಿ ನಾಲ್ಕು ದಿನ ಹೋಗಲಿಲ್ಲವಂತೆ. ಬಾವಿ ತೋಡುವವನ ಮಗಳು ಅದನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು. ಆ ಬೆಟ್ಟದ್ದಲ್ಲ. ಅಂಥ ಮಣ್ಣಿಗೆ ಎರಡು ದಿನದ ದಾರಿ ನಡೆಯಬೇಕು. ಯಾರೋ ಮಗು ಸತ್ತ ಮೇಲೆ ಎರಡು ದಿನ ನಡೆದು ಹೋಗಿ, ಎರಡು ದಿನ ನಡೆದು ಬಂದಿದ್ದರು. ಇಲ್ಲವೇ ಯಾವತ್ತಾದರೂ ಬೇಕಾಗುತ್ತದೆ ಎಂದು ಮೊದಲೇ ತಂದು ಇಟ್ಟುಕೊಂಡಿದ್ದರು. ಎರಡರಲ್ಲಿ ಯಾವುದು ಹೆಚ್ಚು ಸಂಕಟ ಎಂದು ತಮಗೆ ಇವತ್ತಿಗೂ ತಿಳಿದಿಲ್ಲ ಎಂದರು.

ಇದನ್ನು ಅವರು ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು ನಕ್ಕು, ಕಬ್ಬಿಣದ ಅಂಶ ಇದ್ದರೆ ಮಣ್ಣು ಕೆಂಪಾಗುತ್ತದೆ ಎಂದರು. ಮಾರನೆಯ ದಿನ ಫೋಟೊದವನು ಬರುವವನಿದ್ದ. ಮೂಳೆಗಳು ಬೆಳ್ಳಗೆ ಕಾಣಬೇಕು, ತೊಳೆಯಿರಿ ಎಂದರು. ಡೇರೆಯ ಹಿಂದೆ ಎರಡು ಬಕೆಟ್ ನೀರಿಟ್ಟುಕೊಂಡು, ಹಲ್ಲುಜ್ಜುವ ಬ್ರಶ್ಶು ಹಿಡಿದು ಹತ್ತೊಂಬತ್ತು ವರ್ಷದ ಹುಡುಗಿ ಮಧ್ಯಾಹ್ನವಿಡೀ ಉಜ್ಜಿದಳು. ನೀರು ಕೆಂಪಾದ ಹಾಗೆಲ್ಲ ಚರಂಡಿಗೆ ಸುರಿದು ಬೇರೆ ನೀರು ತಂದಳು. ಚೆನ್ನಾಗಿ ತೊಳೆದಳು. ಯಾವ ಕೆಲಸ ಕೊಟ್ಟರೂ ಅವರು ಚೆನ್ನಾಗಿಯೇ ಮಾಡುವವರು, ಅದೇ ಅವರ ದುರದೃಷ್ಟ.

ನನಗೆ ಆಗಲೂ ಅನುಮಾನ. ಒಂದು ಕಿವಿಯ ತೂತಿನ ಪುಡಿಗೆ ಇಷ್ಟೆಲ್ಲ ಅರ್ಥವೇ ಎಂದೆ. ಅವರು, ಉಗ್ರಾಣಕ್ಕೆ ಹೋಗಿ ಮೂರನೇ ಕಪಾಟಿನಲ್ಲಿರುವ ಜರಡಿಯ ರಿಜಿಸ್ಟರ್ ತಗೊಂಡು ಬಾ, ಒಂಬತ್ತನೇ ಚೌಕ ನೋಡು ಎಂದರು.

ಆ ರಿಜಿಸ್ಟರನ್ನು ತುಂಬಿದವರು ಅವರೇ. ಆಗ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಗುರುತು ಹಾಕುತ್ತಿದ್ದರು. ಒಂದು ಬುಟ್ಟಿಗೆ ಒಂದು ಸಾಲು. ಕಲ್ಲಿನ ಚಕ್ಕೆ ಸಿಕ್ಕರೆ ಗೀಟು, ಮೂಳೆಯ ಚೂರು ಸಿಕ್ಕರೆ ಚುಕ್ಕೆ, ಏನೂ ಇಲ್ಲದಿದ್ದರೆ ಸೊನ್ನೆ. ಎಂಟನೇ ಚೌಕದಲ್ಲಿ ಗೀಟು ಚುಕ್ಕೆಗಳು ಇರುವೆ ಮುತ್ತಿದ ಹಾಗೆ. ಹತ್ತನೇ ಚೌಕದಲ್ಲೂ ಹಾಗೆಯೇ. ನಡುವಿನ ಒಂಬತ್ತರಲ್ಲಿ, ಮಗುವನ್ನು ಮಲಗಿಸಿದ ಗುಂಡಿಯ ಬಾಯಿಂದ ಮೇಲಕ್ಕೆ ಒಂದು ತೋಳಿನ ಉದ್ದದಷ್ಟು ಮಣ್ಣಿನಲ್ಲಿ, ಮೂವತ್ತೊಂದು ಬುಟ್ಟಿಗೆ ಮೂವತ್ತೊಂದು ಸೊನ್ನೆ. ನಾನು ಎರಡು ಸಲ ಎಣಿಸಿದೆ. ಮೇಷ್ಟ್ರ ಪುಸ್ತಕದಲ್ಲಿ ಆ ಚೌಕದ ಬಗ್ಗೆ ಒಂದೇ ವಾಕ್ಯವಿದೆ: ಗಮನಾರ್ಹವಾದದ್ದೇನೂ ದೊರೆತಿಲ್ಲ.

"ಇಕ್ಕಟ್ಟು ಜಾಗ ಕಣೋ ಅದು," ಎಂದರು ಜರಡಿಯಕ್ಕ. ಕೋಪದಲ್ಲಿ ಧ್ವನಿ ಏರುವುದಿಲ್ಲ ಅವರದು, ಇಳಿಯುತ್ತದೆ. "ಮೈಗೆ ಮೈ ತಾಗಿಸಿ ಮಲಗಬೇಕು. ಅಂಥದ್ರಲ್ಲಿ ಒಂದು ಚಾಪೆಯಷ್ಟು ಜಾಗ ಬಿಟ್ಟು ಕೂತಿದ್ದಾರೆ. ಅಲ್ಲಿ ಕಲ್ಲು ಒಡೆದಿಲ್ಲ, ಬೆಂಕಿ ಹಾಕಿಲ್ಲ, ತಿಂದು ಎಸೆದ ಒಂದು ಮೂಳೆ ಬಿದ್ದಿಲ್ಲ. ಅಷ್ಟು ಮಣ್ಣು ಕೂರೋಕೆ ಮುನ್ನೂರು ವರ್ಷ ಬೇಕು ಅಂತ ಅದೇ ಪುಸ್ತಕದಲ್ಲಿದೆ. ಮಗೂನ ಕಂಡವರು ಮೂವತ್ತು ನಲವತ್ತು ವರ್ಷ ಬಿಟ್ಟರು ಅನ್ನು. ಅವರೆಲ್ಲ ಸತ್ತ ಮೇಲೆ? ಯಾವುದೋ ಹುಡುಗಿ ಹೋಗಿ ಅಲ್ಲಿ ಕೂತಿರ್ತಾಳೆ. ಏಳೇ ಅಲ್ಲಿಂದ ಅಂದಿರ್ತಾರೆ. ಯಾಕೆ ಅಂದಿರ್ತಾಳೆ. ಆಗ ಅವರಮ್ಮ ಏನೋ ಒಂದು ಹೇಳಲೇಬೇಕಲ್ಲ. ಅವಳಿಗೂ ಪೂರ್ತಿ ಗೊತ್ತಿಲ್ಲ, ಅವಳಜ್ಜಿ ಹೇಳಿದ್ದು. ಕಥೆ ಹುಟ್ಟೋದು ಇನ್ನು ಹೇಗೆ? ಗುಡುಗಿಗೆ ಹೆದರಿಯಾ?"

ನಾನು ರಿಜಿಸ್ಟರ್ ಮುಚ್ಚಿದೆ.

"ಮುನ್ನೂರು ವರ್ಷ ಆ ಕಥೆ ಆ ಜಾಗ ಕಾಯ್ತು. ಯಾರೂ ಕಾಲಿಡಲಿಲ್ಲ. ನಾವು ಹೋಗಿ ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ವಿ. ಈಗ ಬೋರ್ಡು ಹಾಕ್ತೀವಿ, ಇವರ ಹತ್ರ ಕಥೆ ಇರಲಿಲ್ಲ ಅಂತ."

ಆ ಸಂಜೆ ಮೇಷ್ಟ್ರ ಪುಸ್ತಕವನ್ನು ಮತ್ತೆ ತೆರೆದೆ. ಈ ಸಲ ಕೃತಜ್ಞತೆಯ ಪುಟ. ನಲವತ್ತು ಚಿಲ್ಲರೆ ಹೆಸರುಗಳಿವೆ. ಡೇರೆ ಬಾಡಿಗೆಗೆ ಕೊಟ್ಟ ಅಂಗಡಿಯ ಹೆಸರೂ ಇದೆ. ಕೊನೆಯಲ್ಲಿ, "ಹಾಗೂ ಕೂಲಿಯಾಳುಗಳು". ನನಗೆ ನಿಜವಾಗಿ ಕೋಪ ಬಂದದ್ದು ಆಗ. ಸತ್ತವರ ಬಗ್ಗೆ ಇವರಿಗೆ ಏನು ತಿಳಿದೀತು ಎಂದು ಬೇಟೆಗಾರರನ್ನು ತಳ್ಳಿಹಾಕಿದ್ದೂ, ಮಣ್ಣಿನ ಬಗ್ಗೆ ಇವಳಿಗೆ ಏನು ತಿಳಿದೀತು ಎಂದು ಜರಡಿಯವಳನ್ನು ತಳ್ಳಿಹಾಕಿದ್ದೂ ಒಂದೇ ನಗು. ಆ ನಗುವಿಗೆ ಹಸಿವು ಮತ್ತು ಭಯ ಎಂದು ಚಂದದ ಸಾಲು ಜೋಡಿಸಿ ಕೊಟ್ಟವನು ನಾನು.

ಮಾರನೆಯ ದಿನ ಹೊಸ ಬೋರ್ಡು ಬರೆದೆ. ಮಗುವನ್ನು ಕೆಂಪು ಮಣ್ಣು ಸವರಿ ಮಲಗಿಸಿದ್ದರು, ಅದರ ಮೇಲಿನ ಜಾಗವನ್ನು ತಲೆಮಾರುಗಳವರೆಗೆ ಯಾರೂ ತುಳಿಯಲಿಲ್ಲ, ಯಾಕೆ ಎಂಬುದು ನಮಗೆ ಗೊತ್ತಿಲ್ಲ, ಕೆಂಪನ್ನು ನಾವು ತೊಳೆದುಬಿಟ್ಟೆವು ಎಂದು. ಐವತ್ತೆಂಟು ಪದ. ಮ್ಯೂಸಿಯಂ ನೋಡಿಕೊಳ್ಳುವ ಕ್ಯುರೇಟರಿಗೆ ಕೊಟ್ಟೆ.

ಕ್ಯುರೇಟರ್ ಕೆಟ್ಟ ಮನುಷ್ಯರಲ್ಲ. ಗಾಳಿ ಬಂದಾಗ ತೂರಿಕೊಳ್ಳುವವರು, ಅಷ್ಟೆ. ಅವರು ಬಾಗಿಲು ಹಾಕಿ, ನನ್ನನ್ನು ಕೂರಿಸಿ ವಿವರಿಸಿದರು. ತೊಳೆದೆವು ಎಂದು ಗೋಡೆಗೆ ಹಾಕಿದರೆ ಮ್ಯೂಸಿಯಂ ತಾನಾಗಿ ತಪ್ಪೊಪ್ಪಿಕೊಂಡ ಹಾಗೆ. ವಸ್ತು ಹಾಳು ಮಾಡಿದ್ದಕ್ಕೆ ವಿಚಾರಣೆ ಆಗಲೇಬೇಕು. ವಿಚಾರಣೆ ಎಂದರೆ ಯಾರು ತೊಳೆದರು ಎನ್ನುವುದು ಮೊದಲ ಪ್ರಶ್ನೆ. ಜರಡಿಯಕ್ಕನಿಗೆ ನಿವೃತ್ತಿಗೆ ಎಂಟು ವಾರ. ವಿಚಾರಣೆ ಮುಗಿಯುವವರೆಗೆ ಅವರ ಪಿಂಚಣಿಯ ಫೈಲು ಮೇಜು ಬಿಟ್ಟು ಅಲ್ಲಾಡುವುದಿಲ್ಲ, ಇಲ್ಲಿ ವಿಚಾರಣೆಗಳಿಗೆ ಮನುಷ್ಯರಿಗಿಂತ ಆಯಸ್ಸು ಜಾಸ್ತಿ. "ಆ ಹೆಂಗಸಿನ ಮೇಲೆ ನಿಂಗೆ ನಿಜವಾಗ್ಲೂ ಗೌರವ ಇದ್ರೆ ಇದನ್ನ ಹರಿದು ಹಾಕು," ಎಂದರು. ನನ್ನ ಕರಾರಿನ ನವೀಕರಣದ ಕಾಗದ ಅದೇ ಮೇಜಿನ ಮೇಲಿತ್ತು. ಅದನ್ನು ಅವರು ತೋರಿಸಲಿಲ್ಲ. ನಾನೇ ನೋಡಿಕೊಂಡೆ.

ನಾನು ಹರಿದೆ. ಹರಿದು, ಜರಡಿಯಕ್ಕನ ಬಳಿ ಹೋಗಿ ಕ್ಯುರೇಟರ್ ಹೇಳಿದ್ದನ್ನೆಲ್ಲ ಹೇಳಿದೆ, ಅವರ ಒಳ್ಳೆಯದಕ್ಕೇ ಎಂಬ ಮುಖ ಮಾಡಿಕೊಂಡು. ಹೋಗಲಿ ಬಿಡಿ ಅಕ್ಕ, ನಮ್ಮ ಪ್ರಯತ್ನವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದೆ. ತೊಳೆಯುವ ಗಾದೆಯನ್ನು ಅವರೆದುರು ಆಡಬಾರದಿತ್ತು ಎಂದು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವರು ಟ್ರೇ ಎತ್ತಿಕೊಂಡು ಕೋಣೆಯ ಆ ಮೂಲೆಗೆ ಹೋಗಿ ನನಗೆ ಬೆನ್ನು ಹಾಕಿ ಕೂತರು. ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವರ ಮಗಳು ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಳು. ಮೆಟ್ಟಿಲ ಬಳಿ ನನ್ನನ್ನು ತಡೆದು, ತೊಳೆದದ್ದರ ಬಗ್ಗೆ ಬಾಯಿ ಬಿಡಬೇಡ ಅಂತ ಅಮ್ಮನಿಗೆ ನೀವಾದರೂ ಬುದ್ಧಿ ಹೇಳಿ ಅಣ್ಣ ಎಂದಳು. ಅಪ್ಪನ ಕೈ ನಡುಗುತ್ತಿದೆ, ಚಕ್ರಕ್ಕೆ ಕಡ್ಡಿ ಪೋಣಿಸಲು ಆಗುತ್ತಿಲ್ಲ, ಅಂಗಡಿ ಇವತ್ತೋ ನಾಳೆಯೋ. ಅಮ್ಮನ ಪಿಂಚಣಿ ನಂಬಿಕೊಂಡು ಕೂತಿದ್ದೇವೆ. "ಏಳು ಸಾವಿರ ವರ್ಷದ ಹಿಂದೆ ಸತ್ತ ಮಗೂಗೆ ಇರೋ ಅಮ್ಮ ನಂಗಿಲ್ಲ," ಎಂದಳು. ತಮಾಷೆಗೆ ಹೇಳಿದ ಹಾಗಿತ್ತು, ಆದರೆ ನಗಲಿಲ್ಲ.

ಜರಡಿಯಕ್ಕ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದರು. ಕೇಳಿಸಿಕೊಂಡಿದ್ದರು. ಇಳಿದು ಬಂದು ಮಗಳ ಕಾಲರ್ ಸರಿ ಮಾಡಿ, ಊಟ ಆಯ್ತಾ ಎಂದು ಕೇಳಿ, ತಮ್ಮ ಡಬ್ಬಿಯಲ್ಲಿದ್ದದ್ದರಲ್ಲಿ ಅರ್ಧ ಹಾಕಿಕೊಟ್ಟರು. ಆ ವಿಷಯ ಎತ್ತಲೇ ಇಲ್ಲ.

ಬೋರ್ಡು ಅಚ್ಚಾಗಿ ಬಂತು, ಹಳೆಯದು, ಹಸಿವು ಮತ್ತು ಭಯದ್ದು. ದಪ್ಪ ಗಾಜಿನಂಥ ಹಲಗೆಯ ಮೇಲೆ ಬಿಳಿ ಅಕ್ಷರ. ಬಡಗಿ ನಾಲ್ಕು ಸ್ಕ್ರೂ ಹಾಕಿ ಗೋಡೆಗೆ ಕೂರಿಸುವಾಗ ರಸಮಟ್ಟ ಹಿಡಿದುಕೊಂಡವನು ನಾನೇ. ಅನ್ಯಾಯ ಸೊಟ್ಟಗಿರಬಾರದಲ್ಲ.

ಉದ್ಘಾಟನೆಗೆ ಎರಡು ದಿನ ಮೊದಲು, ಬೆಳಗ್ಗೆ ಹನ್ನೊಂದಕ್ಕೆ, ದೊಡ್ಡ ಮೇಷ್ಟ್ರೂ ಮೂವರ ಸಮಿತಿಯೂ ಹಾಲನ್ನು ನೋಡಲು ಬಂದರು. ಮೇಷ್ಟ್ರಿಗೆ ಎಂಬತ್ಮೂರು. ಊರುಗೋಲು ಹಿಡಿದಿದ್ದರೂ ನೆಟ್ಟಗೆ ನಡೆಯುತ್ತಿದ್ದರು. ಸಮಿತಿಯಲ್ಲಿ ಬೇರೆ ಊರಿನ ಪ್ರಯೋಗಾಲಯದಿಂದ ಬಂದ, ಮಣ್ಣು ಪರೀಕ್ಷೆ ಮಾಡುವ ಮೇಡಂ ಒಬ್ಬರಿದ್ದರು. ಜರಡಿಯಕ್ಕನನ್ನು ಮಗುವಿನ ಗಾಜಿನ ಪೆಟ್ಟಿಗೆಯ ಬಳಿ ನಿಲ್ಲಿಸಿದ್ದರು, ಯಾರಾದರೂ ಗಾಜು ಮುಟ್ಟಿದರೆ ಒರೆಸಲಿಕ್ಕೆ. ಮೂಳೆಗಳನ್ನು ಒಳಗೆ ಜೋಡಿಸಿದವರು ಅವರೇ ಆದ್ದರಿಂದ ಬೀಗದ ಕೈ ಅವರ ನೀಲಿ ಕೋಟಿನ ಜೇಬಿನಲ್ಲಿತ್ತು. ನಾನು ಕಂಬದ ಹಿಂದೆ ಇದ್ದೆ. ಕಂಬ ಸಾಕಷ್ಟು ದಪ್ಪ ಇರಲಿಲ್ಲ.

ಮೇಷ್ಟ್ರು ಅವರನ್ನು ಗುರುತು ಹಿಡಿದರು. ಮುಖ ಅರಳಿತು. ಅದು ನಾಟಕವಲ್ಲ, ನಿಜವಾದ ಅಕ್ಕರೆ. ಸಮಿತಿಯವರ ಕಡೆ ತಿರುಗಿ, "ಈ ಹುಡುಗಿ ಜರಡಿ ಹಿಡೀತಿದ್ಲು. ಇವಳಷ್ಟು ಬೆಳ್ಳಗೆ ಮೂಳೆ ತೊಳೆಯೋರು ಆಮೇಲೆ ನಂಗೆ ಸಿಗಲೇ ಇಲ್ಲ," ಎಂದರು.

ಜರಡಿಯಕ್ಕನ ಮುಖ ನಾನು ನೋಡಿದೆ. ಬೈಗುಳವನ್ನು ಅವರು ತಡೆದುಕೊಂಡಿದ್ದರು, ಮೆಮೊ ತಡೆದುಕೊಂಡಿದ್ದರು, ಮಗಳ ಮಾತನ್ನೂ ತಡೆದುಕೊಂಡಿದ್ದರು. ಈ ಹೊಗಳಿಕೆಯನ್ನು ಆಗಲಿಲ್ಲ. ಒರೆಸುವ ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟು, ಬೀಗದ ಕೈ ತೆಗೆದು, ಯಾರನ್ನೂ ಕೇಳದೆ ಪೆಟ್ಟಿಗೆ ತೆರೆದರು. ಕ್ಯುರೇಟರ್ ಹಾಂ ಹಾಂ ಎನ್ನುವಷ್ಟರಲ್ಲಿ ಬುರುಡೆ ಅವರ ಎರಡೂ ಅಂಗೈಗಳಲ್ಲಿತ್ತು. ಆ ಕೈಗಳಿಂದ ಅದನ್ನು ಕಿತ್ತುಕೊಳ್ಳುವ ಧೈರ್ಯ ಯಾರಿಗಿದ್ದೀತು. ಭೂತಗನ್ನಡಿಯನ್ನು ಆ ಮೇಡಂ ಕೈಗೆ ಕೊಟ್ಟು, ಕಿವಿ ನೋಡಿ ಎಂದರು.

ಮೇಡಂ ಬಹಳ ಹೊತ್ತು ನೋಡಿದರು. ಮೇಷ್ಟ್ರು ನಕ್ಕು, ನೈಸರ್ಗಿಕ ಕಬ್ಬಿಣ, ಪುಸ್ತಕದಲ್ಲಿ ಚರ್ಚಿಸಿದ್ದೇನೆ ಎಂದರು. ಪುಟ ಸಂಖ್ಯೆಯನ್ನೂ ಹೇಳಿದರು.

"ಮೇಷ್ಟ್ರೇ, ಆ ಬೆಟ್ಟದಲ್ಲಿ ಕೆಂಪು ಮಣ್ಣು ಎಲ್ಲಿತ್ತು ಹೇಳಿ," ಎಂದರು ಜರಡಿಯಕ್ಕ. "ನೀವು ಡೇರೆಯಲ್ಲಿದ್ರಿ. ನಾನು ಮೂರು ತಿಂಗಳು ಆ ಮಣ್ಣನ್ನ ಉಸಿರಾಡಿದ್ದೀನಿ."

ಮೇಡಂ ಭೂತಗನ್ನಡಿ ಕೆಳಗಿಳಿಸಿ, ಆ ಜಾಗದ ಜರಡಿ ಲೆಕ್ಕ ಏನಾದರೂ ಉಳಿದಿದೆಯೇ ಎಂದು ಕೇಳಿದರು. ಕ್ಯುರೇಟರ್ ಇಲ್ಲ ಎನ್ನಲು ಬಾಯಿ ತೆರೆದರು. ನನ್ನ ಕಾಲುಗಳು ನನ್ನನ್ನು ಕೇಳದೆ ಉಗ್ರಾಣಕ್ಕೆ ಹೋಗಿ ರಿಜಿಸ್ಟರಿನೊಂದಿಗೆ ವಾಪಸ್ಸು ಬಂದವು. ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು, ಅದರಲ್ಲೂ ನನ್ನ ಪಾಲು ಕಡಿಮೆ. ಒಂಬತ್ತನೇ ಚೌಕದ ಸೊನ್ನೆಗಳ ಮೇಲೆ ಮೇಡಂ ಬೆರಳು ಒಂದೊಂದಾಗಿ ಇಳಿಯಿತು. ಮೂವತ್ತೊಂದಕ್ಕೆ ನಿಂತಿತು.

ಮುಂದೆ ಏನಾಯಿತು ಎನ್ನುವುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಹೇಳಿಕೊಳ್ಳುವಂಥದ್ದೇನಿಲ್ಲ. ನನ್ನ ಬೋರ್ಡನ್ನು ಬಿಚ್ಚಿದರು, ಬೇರೆಯದನ್ನು ಹಾಕಲಿಲ್ಲ. ಗೋಡೆಯ ಮೇಲೆ ನಾಲ್ಕು ತೂತುಗಳಿವೆ, ಜನ ಅದನ್ನೂ ಪ್ರದರ್ಶನವೆಂದೇ ನೋಡುತ್ತಾರೆ. ಕಿವಿಯೊಳಗಿನ ಪುಡಿಯಲ್ಲಿ ಚಿಟಿಕೆಯಷ್ಟು ಪ್ರಯೋಗಾಲಯಕ್ಕೆ ಹೋಗಿದೆ, ಉತ್ತರ ಬಂದಿಲ್ಲ. ಹೊಸ ಹಾಲ್ ಮೇಷ್ಟ್ರ ಹೆಸರಿನಲ್ಲೇ ತೆರೆಯಿತು. ನನ್ನ ಕರಾರು ನವೀಕರಣವಾಗಲಿಲ್ಲ. ಈಗ ಔಷಧದ ಪೆಟ್ಟಿಗೆಗಳೊಳಗಿನ ಚೀಟಿ ಬರೆಯುತ್ತೇನೆ; ಅಲ್ಲಿ ಗೊತ್ತಿಲ್ಲದ್ದನ್ನು ಗೊತ್ತೆಂದು ಬರೆದರೆ ಜನ ಸಾಯುತ್ತಾರಾದ್ದರಿಂದ ನೆಟ್ಟಗೆ ಬರೆಯುತ್ತಿದ್ದೇನೆ. ಜರಡಿಯಕ್ಕನ ಮೇಲೆ ವಿಚಾರಣೆ ನಡೆಯುತ್ತಿದೆ. ಅವರೊಬ್ಬರ ಮೇಲೆಯೇ. ನಿವೃತ್ತಿಯಾಗಿ ಏಳು ತಿಂಗಳಾಯಿತು, ಫೈಲು ಮೇಜಿನ ಮೇಲಿದೆ, ಗಂಡನ ಅಂಗಡಿಯಲ್ಲಿ ಕೂತು ಅವರು ಚಕ್ರಕ್ಕೆ ಕಡ್ಡಿ ಪೋಣಿಸುತ್ತಾರೆ. ಹೋದರೆ ಟೀ ಕೊಡಿಸುತ್ತಾರೆ, ಬೈಯುತ್ತಾರೆ.

ಆ ದಿನ ಅವರು ತಪ್ಪಿಸಿಕೊಳ್ಳಬಹುದಿತ್ತು. ಒಂದು ಕ್ಷಣ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮೇಡಂ ರಿಜಿಸ್ಟರ್ ಮುಚ್ಚಿ, ಪೆಟ್ಟಿಗೆಯೊಳಗಿನ ಉಳಿದ ಮೂಳೆಗಳನ್ನು ಒಂದೊಂದಾಗಿ ನೋಡಿದರು. ತೊಡೆ, ಪಕ್ಕೆಲುಬು, ಅಕ್ಕಿಕಾಳಿನಂಥ ಬೆರಳುಗಳು, ಎಲ್ಲ ಬಿಳಿ. ಅವರಿಗೂ ಕೋಪ ಬಂದಿತ್ತು, ಸರಿಯಾದ ಕೋಪವೇ.

"ಈ ಕೆಂಪು ಸಿಕ್ಕಿದ್ರೆ ನಮಗೆ ಎಷ್ಟೋ ತಿಳೀತಿತ್ತು. ಕಿವಿಯೊಳಗಿನದು ಬಿಟ್ಟು ಒಂದು ಕಣ ಉಳಿಸಿಲ್ಲ. ಇದನ್ನ ತೊಳೆದು ಹಾಳು ಮಾಡಿದ್ದು ಯಾರು?"

ಕುಂಬಳಕಾಯಿ ಕಳ್ಳನಂತೆ ಕ್ಯುರೇಟರ್ ತಮ್ಮ ಹೆಗಲ ಮೇಲಿನ ಧೂಳು ಕೊಡವಿಕೊಂಡರು. ಮೇಷ್ಟ್ರು ಮೇಲಿನ ದೀಪಗಳನ್ನು ಎಣಿಸುತ್ತಿದ್ದರು. ನಾನು ಜರಡಿಯಕ್ಕನಿಗೆ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವರು ನೋಡಿದರು. ಬುರುಡೆಯನ್ನು ಅದರ ಜಾಗದಲ್ಲಿ, ಕೆನ್ನೆ ಕಲ್ಲಿಗೆ ತಾಗುವ ಹಾಗೆ ಮಲಗಿಸಿ, ನೆಟ್ಟಗೆ ನಿಂತರು.

"ನಾನು. ತೊಳಿ ಅಂದಿದ್ದು ಇವರು. ಎರಡನ್ನೂ ಬರ್ಕೊಳ್ಳಿ."